ಮೊದಲು ಅಪಾಲಜಿ ಲೆಟರ್, ಆಮೇಲೆ ವಿಚಾರಣೆ

ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ನಮ್ಮ ಹಾಸ್ಟೆಲಿನಲ್ಲಿ ಒಂದು ರಾತ್ರಿ ಗಲಾಟೆ ಆಯ್ತು. ಮೆಸ್ಸಿನ ಸಾಂಬಾರಿನ ವಿಷಯಕ್ಕೆ ಶುರುವಾದ ಮಾತು ಕೈ ಕೈ ಮಿಲಾಯಿಸುವವರೆಗೆ ಹೋಗಿ, ಎರಡು ಕಿಟಕಿ ಗಾಜು, ಒಂದು ಟಿವಿ ಒಡೆದವು. ಮಾರನೇ ದಿನ ನೋಟಿಸ್ ಬೋರ್ಡಿನಲ್ಲಿ ಆರು ಹೆಸರು ಬಂತು. ಅದರಲ್ಲಿ ನನ್ನ ರೂಮ್‌ಮೇಟ್ ಹೆಸರೂ ಒಂದು. ಗಲಾಟೆ ಆಗೋ ಹೊತ್ತಿಗೆ ಅವನು ರೂಮಿನಲ್ಲಿ, ನನ್ನ ಪಕ್ಕದ ಮಂಚದ ಮೇಲೆ ಕೂತು ಎಂ-ತ್ರೀ ಲೆಕ್ಕ ಮಾಡ್ತಿದ್ದ. ಹಿಂದಿನ ವಾರ ಊಟದ ಬಗ್ಗೆ ವಾರ್ಡನ್ ಹತ್ರ ಜೋರು ಮಾತಾಡಿದ್ದೊಂದೇ ಅವನು ಮಾಡಿದ್ದು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯ್ತು.

ಎರಡು ದಿನ ಬಿಟ್ಟು ಅವರಪ್ಪ ಊರಿಂದ ಬಂದರು. ಬೆಳಗಿನ ಜಾವದ ಬಸ್ಸು ಹಿಡಿದು, ಮದುವೆಗೆ ಹೋಗುವಾಗ ಹಾಕೋ ಬಿಳಿ ಶರ್ಟು ಹಾಕ್ಕೊಂಡು ಬಂದಿದ್ದರು. ಏನಾಯ್ತು ಅಂತ ಮಗನನ್ನು ಕೇಳುವುದಕ್ಕಿಂತ ಮುಂಚೆಯೇ ಅಲ್ಲಿ ಕಂಡವರಿಗೆಲ್ಲ ಕೈ ಮುಗಿಯುತ್ತಿದ್ದರು. "ಹುಡುಗ್ ಬುದ್ಧಿ ಸಾರ್, ಹೊಟ್ಟೆಗ್ ಹಾಕ್ಕೊಳಿ." ಆಫೀಸಿನ ಗುಮಾಸ್ತರು ಒಂದು ಬಿಳಿ ಹಾಳೆ ಕೊಟ್ಟು, "ಮೊದ್ಲು ಅಪಾಲಜಿ ಲೆಟರ್ ಬರ್ಕೊಡಿ, ಆಮೇಲೆ ಕಮಿಟಿ ನೋಡುತ್ತೆ" ಅಂದರು. "ನಾನು ಅಲ್ಲಿರಲೇ ಇಲ್ಲ ಸಾರ್" ಅಂದ ಇವನು. "ಅದನ್ನ ಕಮಿಟಿ ಮುಂದೆ ಹೇಳಪ್ಪ. ಈಗ ಬರಿ." ಅಪ್ಪನ ಮುಖ ನೋಡಿ ಬರೆದುಕೊಟ್ಟ. ಮೂರು ದಿನದ ನಂತರ ಡಿಸಿಪ್ಲಿನರಿ ಕಮಿಟಿ ಕರೆಯಿತು. ಇವನು ಬಾಯಿ ತೆಗೆಯುವ ಮೊದಲೇ ಒಬ್ಬರು ಆ ಹಾಳೆ ಎತ್ತಿ ತೋರಿಸಿದರಂತೆ: "ನೀನೇ ಒಪ್ಕೊಂಡಿದ್ದೀಯಲ್ಲೋ?"

ಆರು ವಾರ ಸಸ್ಪೆಂಡ್. ಅಟೆಂಡೆನ್ಸ್ ಶಾರ್ಟೇಜ್ ಆಗಿ ಇಡೀ ಸೆಮಿಸ್ಟರ್ ಹೋಯ್ತು. ಮುಂದೆ ಒಂದು ವರ್ಷ ಹಿಂದೆ ಬಿದ್ದ.

ಅವನು ರೂಮಿನಲ್ಲಿದ್ದ ಅಂತ ಕಣ್ಣಾರೆ ಕಂಡವನು ನಾನೊಬ್ಬ. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೋಗಿ ಹೇಳಲಿಲ್ಲ. ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಇಷ್ಟು ವರ್ಷದ ಮೇಲೆ ಇದೆಲ್ಲ ಯಾಕೆ ನೆನಪಾಯ್ತು ಅಂದ್ರೆ, ಕೆಲವು ತಿಂಗಳ ಹಿಂದೆ ನಮ್ಮ ಆಫೀಸಿನಲ್ಲಿ ಒಬ್ಬ ಫ್ರೆಶರ್ ಮೇಲೆ ದೂರು ಬಂದು, ವಿಚಾರಣೆ ಮಾಡುವ ಮೂವರಲ್ಲಿ ನನ್ನನ್ನೂ ಒಬ್ಬನಾಗಿ ಕೂರಿಸಿದರು. ಎಚ್‌ಆರ್ ಕಳಿಸಿದ ಮೇಲ್‌ನಲ್ಲಿ ಮೊದಲ ಸಾಲೇ ಹೀಗಿತ್ತು: ಆರೋಪ ಏನು ಅಂತ ಅವನಿಗೆ ಬರಹದಲ್ಲಿ ಕೊಡಿ, ಉತ್ತರ ಕೊಡಲು ಸಮಯ ಕೊಡಿ. ಎಷ್ಟು ಸಾಮಾನ್ಯ ಮಾತು ಅಲ್ವಾ? ಆದರೆ ಆ ಸಾಮಾನ್ಯ ಮಾತು ನಮ್ಮ ಕಾಲೇಜಿಗೆ ಯಾಕೆ ತಲುಪಿರಲಿಲ್ಲ? ಇದು ಬಂದಿದ್ದಾದರೂ ಎಲ್ಲಿಂದ? ರಾತ್ರಿ ಮನೆಗೆ ಬಂದು ಹುಡುಕಲು ಕೂತೆ. ಹುಡುಕುತ್ತಾ ಮುನ್ನೂರು ವರ್ಷ ಹಿಂದಕ್ಕೆ ಹೋದೆ.

ಮೊದಲು ಒಂದು ಪ್ರಶ್ನೆ. ವಿದ್ಯಾರ್ಥಿಯನ್ನು ಶಿಕ್ಷಿಸುವ ಅಧಿಕಾರ ಕಾಲೇಜಿಗೆ ಎಲ್ಲಿಂದ ಬಂತು? ನಮ್ಮೂರಲ್ಲಿ ಇದಕ್ಕೆ ಉತ್ತರ ಸುಲಭ. ಸ್ಕೂಲಿಗೆ ಸೇರಿಸುವ ದಿನ ಅಪ್ಪಂದಿರು ಮೇಷ್ಟ್ರಿಗೆ ಹೇಳುತ್ತಿದ್ದರು: "ಕಣ್ಣೆರಡು ಬಿಟ್ಟು ಎಲ್ ಬೇಕಾದ್ರೂ ಹೊಡೀರಿ ಸಾರ್, ಬುದ್ಧಿ ಬಂದ್ರೆ ಸಾಕು." ಅಂದ್ರೆ ಅಪ್ಪನ ಅಧಿಕಾರವನ್ನು ಅಪ್ಪನೇ ಮೇಷ್ಟ್ರಿಗೆ ಬರೆದುಕೊಟ್ಟ ಹಾಗೆ. ಇದು ನಮ್ಮೂರಿನದ್ದು ಮಾತ್ರ ಅಂದುಕೊಂಡಿದ್ದೆ. ಅಲ್ಲ. ಇಂಗ್ಲೆಂಡಿನ ಕಾನೂನು ಪಂಡಿತ ಬ್ಲಾಕ್‌ಸ್ಟೋನ್ 18ನೇ ಶತಮಾನದಲ್ಲಿ ಇದನ್ನೇ ಪುಸ್ತಕದಲ್ಲಿ ಬರೆದಿಟ್ಟ: ತಂದೆ ತನ್ನ ಅಧಿಕಾರದ ಒಂದು ಭಾಗವನ್ನು ಗುರುವಿಗೆ ವಹಿಸಿಕೊಡಬಹುದು, ಆಗ ಗುರು ತಂದೆಯ ಸ್ಥಾನದಲ್ಲಿ ನಿಲ್ಲುತ್ತಾನೆ.

ಈ ತತ್ವ ಎಷ್ಟು ದೂರ ಹೋಯ್ತು ಅನ್ನೋದಕ್ಕೆ ಅಮೆರಿಕದ ಕೆಂಟಕಿ ರಾಜ್ಯದ ಬೆರಿಯಾ ಕಾಲೇಜಿನ ಕತೆ ಇದೆ. ಹೊರಗಿನ ಹೋಟೆಲಿಗೆ ವಿದ್ಯಾರ್ಥಿಗಳು ಕಾಲಿಡಬಾರದು ಅಂತ ಕಾಲೇಜು ನಿಯಮ ಮಾಡಿತು. ಎದುರಿಗೆ ಹೋಟೆಲ್ ಇಟ್ಟುಕೊಂಡಿದ್ದವನ ವ್ಯಾಪಾರ ನೆಲಕಚ್ಚಿ, ಅವನು ಕೋರ್ಟಿಗೆ ಹೋದ. 1913ರಲ್ಲಿ ಕೋರ್ಟ್ ಹೇಳಿತು: ಕಾಲೇಜು ತಂದೆತಾಯಿಯ ಸ್ಥಾನದಲ್ಲಿದೆ, ಮಕ್ಕಳ ಒಳ್ಳೆಯದಕ್ಕೆ ಅಂತ ಯಾವ ನಿಯಮ ಬೇಕಾದರೂ ಮಾಡಬಹುದು. ಅಪ್ಪ ಬೈದರೆ ಅಪೀಲು ಉಂಟೇ? ಇಲ್ಲ. ಹಾಗೇ ಇದು ಕೂಡ.

ಆದರೆ ಇದಕ್ಕೂ ಬಹಳ ಮೊದಲೇ ಇನ್ನೊಂದು ಮಾತು ಹುಟ್ಟಿತ್ತು. ಹುಟ್ಟಿದ ಜಾಗ ಕೇಂಬ್ರಿಡ್ಜ್. ಅಲ್ಲಿ ಶಿಕ್ಷೆಗೆ ಗುರಿಯಾದವನು ವಿದ್ಯಾರ್ಥಿಯೂ ಅಲ್ಲ, ಟ್ರಿನಿಟಿ ಕಾಲೇಜಿನ ಮುಖ್ಯಸ್ಥ ರಿಚರ್ಡ್ ಬೆಂಟ್ಲಿ. ದೊಡ್ಡ ಪಂಡಿತ, ಅಷ್ಟೇ ದೊಡ್ಡ ಜಗಳಗಂಟ. ಡಾಕ್ಟರ್ ಪದವಿ ಕೊಡುವಾಗ ನಾಲ್ಕು ಗಿನಿ ಹೆಚ್ಚಿಗೆ ಫೀಸು ವಸೂಲು ಮಾಡಿದ ಅಂತ ಒಬ್ಬರು ವಿಶ್ವವಿದ್ಯಾಲಯದ ಒಳಗಿನ ನ್ಯಾಯಾಲಯಕ್ಕೆ ದೂರು ಕೊಟ್ಟರು. ಆ ನ್ಯಾಯಾಲಯಕ್ಕೆ ಬೆಂಟ್ಲಿ ಕ್ಯಾರೇ ಅನ್ನಲಿಲ್ಲ. ಸಿಟ್ಟಿಗೆದ್ದ ವಿಶ್ವವಿದ್ಯಾಲಯ 1718ರಲ್ಲಿ ಅವನ ಪದವಿಗಳನ್ನೆಲ್ಲ ಕಿತ್ತುಕೊಂಡಿತು. ಹಾಗೆ ಮಾಡೋಕೆ ಮುಂಚೆ, ಇದಕ್ಕೆ ನೀನೇನು ಹೇಳ್ತೀಯ ಅಂತ ಕರೆದು ಕೇಳಲಿಲ್ಲ.

ಕೇಸು ಕಿಂಗ್ಸ್ ಬೆಂಚ್ ಕೋರ್ಟಿಗೆ ಹೋಯ್ತು. 1723ರಲ್ಲಿ ಕೋರ್ಟ್ ಬೆಂಟ್ಲಿ ಪರ ನಿಂತಿತು. ನ್ಯಾಯಮೂರ್ತಿ ಫೋರ್ಟೆಸ್ಕ್ಯೂ ಆಗ ಕೊಟ್ಟ ಉದಾಹರಣೆಯನ್ನು ಕಾನೂನು ಓದುವವರು ಇವತ್ತಿಗೂ ನೆನೆಯುತ್ತಾರೆ. ಏದನ್ ತೋಟದಲ್ಲಿ ಹಣ್ಣು ತಿಂದ ಆದಮನನ್ನು ದೇವರು ನೇರವಾಗಿ ಹೊರಗೆ ಹಾಕಲಿಲ್ಲ. ಮೊದಲು ಕರೆದ, ಎಲ್ಲಿದ್ದೀಯ ಅಂತ ಕೇಳಿದ, ತಿಂದೆಯಾ ಅಂತ ಕೇಳಿದ. ಎಲ್ಲ ಗೊತ್ತಿದ್ದ ದೇವರೇ ಕೇಳಿದ ಮೇಲೆ ವಿಶ್ವವಿದ್ಯಾಲಯ ಯಾವ ಲೆಕ್ಕ?

ಬೆಂಟ್ಲಿ ತಪ್ಪು ಮಾಡಿರಲಿಲ್ಲ ಅಂತ ಕೋರ್ಟ್ ಹೇಳಲಿಲ್ಲ ಅನ್ನೋದನ್ನು ಗಮನಿಸಿ. ಕೇಳದೆ ಶಿಕ್ಷೆ ಕೊಟ್ಟಿದ್ದು ತಪ್ಪು ಅಂತ ಹೇಳಿತು, ಅಷ್ಟೇ.

ಇಂಗ್ಲಿಷರು ತಮ್ಮ ಕಾಲೇಜು ಪದ್ಧತಿಯನ್ನು ನಮ್ಮ ದೇಶಕ್ಕೆ ತಂದರು. ಈ ಮಾತನ್ನು ಜೊತೆಗೆ ತಂದರಾ? 1916ರ ಕಲ್ಕತ್ತಾಗೆ ಹೋಗಿ ನೋಡೋಣ.

ಪ್ರೆಸಿಡೆನ್ಸಿ ಕಾಲೇಜು. ಇತಿಹಾಸ ಹೇಳುತ್ತಿದ್ದ ಪ್ರೊಫೆಸರ್ ಓಟನ್ ವರಾಂಡದಲ್ಲಿ ನಡೆದು ಹೋಗುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು ಅಂತ ಜನವರಿಯಲ್ಲಿ ದೊಡ್ಡ ಮುಷ್ಕರ ಆಯ್ತು. ಹೇಗೋ ರಾಜಿ ಆಯ್ತು. ಫೆಬ್ರವರಿ 15ರಂದು ಇನ್ನೊಬ್ಬ ವಿದ್ಯಾರ್ಥಿಯ ಮೇಲೆ ಅವರು ಮತ್ತೆ ಕೈ ಮಾಡಿದರು ಅನ್ನೋ ಸುದ್ದಿ ಹಬ್ಬಿತು. ಈ ಸಲ ಕೆಲವು ವಿದ್ಯಾರ್ಥಿಗಳು ಕಾದುಕೊಂಡಿದ್ದು ಓಟನ್‌ಗೇ ಹೊಡೆದರು. ಕಾಲೇಜಿನ ಒಬ್ಬ ಜವಾನ, ಓಡಿಹೋದವರಲ್ಲಿ ಇಬ್ಬರನ್ನು ನೋಡಿದೆ ಅಂದ. ಅವರಲ್ಲೊಬ್ಬ 19 ವರ್ಷದ ಕ್ಲಾಸ್ ಪ್ರತಿನಿಧಿ, ಸುಭಾಷ್ ಚಂದ್ರ ಬೋಸ್.

ಸರ್ಕಾರ ಕಾಲೇಜು ಮುಚ್ಚಿಸಿ, ಸರ್ ಅಶುತೋಷ್ ಮುಖರ್ಜಿ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಸಮಿತಿ ಮಾಡಿತು. ಆದರೆ ಆ ಸಮಿತಿಯ ತೀರ್ಮಾನ ಬರೋವರೆಗೂ ಕಾಲೇಜು ಕಾಯಲಿಲ್ಲ. ಪ್ರಿನ್ಸಿಪಾಲ್ ಜೇಮ್ಸ್ ತಮ್ಮ ಕಪ್ಪುಪಟ್ಟಿಯಲ್ಲಿದ್ದ ಹುಡುಗರನ್ನು ಕರೆಸಿದರು. ಕಾಲೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ತಲೆನೋವು ನೀನೇ ಅನ್ನೋ ಅರ್ಥದ ಒಂದು ಮಾತು ಹೇಳಿ ಸುಭಾಷರನ್ನು ಸಸ್ಪೆಂಡ್ ಮಾಡಿದರು. ಆಡಳಿತ ಮಂಡಳಿ ಅದಕ್ಕೆ ಒಪ್ಪಿ ಕಾಲೇಜಿನಿಂದಲೇ ಹೊರಗೆ ಹಾಕಿತು. ಬೇರೆ ಕಾಲೇಜಲ್ಲಾದರೂ ಓದ್ತೀನಿ ಅಂತ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೆ ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ತಮಾಷೆ ಅಂದ್ರೆ ಇದೇ ಗಲಾಟೆಯಲ್ಲಿ, ಸರ್ಕಾರದ ಶಿಕ್ಷಣ ಸದಸ್ಯರ ಜೊತೆ ಜಗಳ ಮಾಡಿಕೊಂಡು ಜೇಮ್ಸ್ ಅವರೂ ಸಸ್ಪೆಂಡ್ ಆದರು!

ವಿಚಾರಣಾ ಸಮಿತಿ ಮುಂದೆ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ಹೋದವರಲ್ಲಿ ಸುಭಾಷ್ ಒಬ್ಬರು. ಹೊಡೆದದ್ದು ಸರಿಯಾ ಅಂತ ಸಮಿತಿ ನೇರವಾಗಿ ಕೇಳಿತು. ಸರಿಯಲ್ಲ ಅಂತ ಒಂದೇ ಮಾತು ಹೇಳಿದ್ದರೆ ಬಚಾವಾಗುತ್ತಿದ್ದರೇನೋ. ಸುಭಾಷ್ ಅದನ್ನು ಹೇಳಿದರು, ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ವಿದ್ಯಾರ್ಥಿಗಳನ್ನು ಅಷ್ಟು ಕೆರಳಿಸಲಾಗಿತ್ತು ಅಂತ ಸೇರಿಸಿ, ಕಾಲೇಜಿನಲ್ಲಿ ಹಿಂದೆ ನಡೆದದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿಟ್ಟರು. ವರದಿ ವಿದ್ಯಾರ್ಥಿಗಳ ವಿರುದ್ಧ ಬಂತು. ಸುಭಾಷ್ ಕಟಕ್‌ನ ಮನೆಗೆ ವಾಪಸ್ ಹೋಗಬೇಕಾಯ್ತು. ಆ ದಿನದ ಹಲ್ಲೆಯನ್ನು ಕಣ್ಣಾರೆ ನೋಡಿದೆ ಅಂತ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. ಹೊಡೆದವರ ಹೆಸರು ಮಾತ್ರ ಹೇಳಲಿಲ್ಲ.

ಒಂದು ವರ್ಷದ ಮೇಲೆ, 1917ರಲ್ಲಿ ಅವರಿಗೆ ಸ್ಕಾಟಿಷ್ ಚರ್ಚಸ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಲ್ಲಿನ ಪ್ರಿನ್ಸಿಪಾಲ್ ಅರ್ಕರ್ಟ್ ಸೇರಿಸಿಕೊಳ್ಳಲು ಒಪ್ಪಿದರು, ಪ್ರೆಸಿಡೆನ್ಸಿಗೆ ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲ್ ಅಡ್ಡಿ ಮಾಡಲಿಲ್ಲ. 1919ರಲ್ಲಿ ಫಿಲಾಸಫಿಯಲ್ಲಿ ಫಸ್ಟ್ ಕ್ಲಾಸ್. ಮುಂದಿನ ವರ್ಷ ಐಸಿಎಸ್‌ನಲ್ಲಿ ನಾಲ್ಕನೇ ರ‍್ಯಾಂಕ್.

ಈ ಕತೆಯನ್ನು ನಾವು ಹೀರೋ ಕತೆಯಾಗಿ ಓದುತ್ತೀವಿ. ಓದಲೇಬೇಕು. ಆದರೆ ಇನ್ನೊಂದು ಸಲ ಓದಿದಾಗ ನನಗೆ ಬೇರೆಯದು ಕಾಣಿಸಿತು. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ. ವಾಪಸ್ ಬಂದಿದ್ದು ಕೂಡ ಒಂದು ನಿಯಮದಿಂದ ಅಲ್ಲ. ಇಬ್ಬರು ಪ್ರಿನ್ಸಿಪಾಲರ ಒಳ್ಳೆ ಮನಸ್ಸಿನಿಂದ. ಸುಭಾಷರ ತಂದೆ ಕಟಕ್‌ನ ಹೆಸರುವಾಸಿ ವಕೀಲರು. ಒಂದು ವರ್ಷ ಕಾಯುವ ಶಕ್ತಿ ಆ ಮನೆಗಿತ್ತು. ಬಸ್ ಚಾರ್ಜಿಗೂ ಲೆಕ್ಕ ಹಾಕಿ ಬರೋ ಅಪ್ಪನ ಮಗ ಯಾರ ಒಳ್ಳೆ ಮನಸ್ಸನ್ನು ಕಾಯಬೇಕು?

ಹಾಗಾಗಿ ಇದು ದಯೆಯಿಂದ ಹಕ್ಕಿಗೆ ಬರಬೇಕಿತ್ತು. ಆ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಅಮೆರಿಕದ ಅಲಬಾಮಾದ ಕಪ್ಪು ವಿದ್ಯಾರ್ಥಿಗಳು.

1960ರ ಫೆಬ್ರವರಿ 25. ಮಾಂಟ್‌ಗೊಮರಿ ಊರಿನ ಅಲಬಾಮಾ ಸ್ಟೇಟ್ ಕಾಲೇಜಿನ ಸುಮಾರು 29 ವಿದ್ಯಾರ್ಥಿಗಳು ಕೋರ್ಟ್ ಕಟ್ಟಡದ ಕೆಳಗಿದ್ದ ಸರ್ಕಾರಿ ಕ್ಯಾಂಟೀನಿಗೆ ಹೋಗಿ ಊಟ ಕೇಳಿದರು. ಬಿಳಿಯರಿಗೆ ಮಾತ್ರ ಅನ್ನೋ ಕ್ಯಾಂಟೀನು ಅದು. ಊಟ ಕೊಡಲಿಲ್ಲ. ರಾಜ್ಯದ ಗವರ್ನರ್ ಪ್ಯಾಟರ್ಸನ್ ಅವರೇ ಶಿಕ್ಷಣ ಮಂಡಳಿಗೂ ಅಧ್ಯಕ್ಷರು. ಒಂದು ವಾರದೊಳಗೆ ಒಂಬತ್ತು ವಿದ್ಯಾರ್ಥಿಗಳನ್ನು ಕಾಲೇಜಿನಿಂದ ತೆಗೆದುಹಾಕಿದರು, ಇಪ್ಪತ್ತು ಜನರನ್ನು ಪ್ರೊಬೇಷನ್ ಮೇಲೆ ಇಟ್ಟರು. ಮನೆಗೆ ಬಂದ ಪತ್ರದಲ್ಲಿ ಇಂಥದ್ದೇ ತಪ್ಪು ಅಂತ ಇರಲಿಲ್ಲ. ಕೋರ್ಟಿನಲ್ಲಿ ಮಂಡಳಿಯ ಸದಸ್ಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಕ್ಯಾಂಟೀನಿಗೆ ಹೋಗಿದ್ದಕ್ಕೆ ಅಂತ ಒಬ್ಬರು, ಪ್ರತಿಭಟನೆ ಮಾಡಿದ್ದಕ್ಕೆ ಅಂತ ಇನ್ನೊಬ್ಬರು. ಯಾಕೆ ಶಿಕ್ಷೆ ಕೊಟ್ಟೆವು ಅಂತ ಕೊಟ್ಟವರಿಗೇ ಒಮ್ಮತ ಇರಲಿಲ್ಲ!

ಕೆಳಗಿನ ಕೋರ್ಟಿನಲ್ಲಿ ವಿದ್ಯಾರ್ಥಿಗಳು ಸೋತರು. ಮೇಲ್ಮನವಿ ಹಾಕಿದರು. 1961ರ ಆಗಸ್ಟ್ 4ರಂದು ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಮೊದಲ ಅರ್ಜಿದಾರನ ಹೆಸರಿನಿಂದ ಅದಕ್ಕೆ ಡಿಕ್ಸನ್ ಕೇಸ್ ಅಂತಾರೆ. ಸರ್ಕಾರಿ ಕಾಲೇಜು ಒಬ್ಬ ವಿದ್ಯಾರ್ಥಿಯನ್ನು ನಡತೆಯ ಕಾರಣಕ್ಕೆ ಹೊರಹಾಕುವ ಮುಂಚೆ ಆರೋಪ ಏನು ಅಂತ ನೋಟಿಸ್ ಕೊಡಬೇಕು. ಅವನ ವಿರುದ್ಧ ಹೇಳಿದವರು ಯಾರು, ಏನು ಹೇಳಿದರು ಅಂತ ತಿಳಿಸಬೇಕು. ಅವನ ಮಾತನ್ನು, ಅವನ ಪರ ಸಾಕ್ಷಿಗಳನ್ನು ಕೇಳಬೇಕು. ತೀರ್ಮಾನದ ವರದಿ ಅವನಿಗೆ ಸಿಗಬೇಕು. ಅಪ್ಪನ ಸ್ಥಾನದಲ್ಲಿದ್ದೀನಿ ಅನ್ನೋ ಹಳೆಯ ವಾದ ಅಮೆರಿಕದ ಸರ್ಕಾರಿ ಕಾಲೇಜುಗಳಲ್ಲಿ ಸಡಿಲಾಗಿದ್ದು ಇಲ್ಲಿಂದ. ಆ ಒಂಬತ್ತು ಜನರ ದಾಖಲೆಯಿಂದ ಆ ಶಿಕ್ಷೆಯನ್ನು ಅಲಬಾಮಾ ಅಳಿಸಿಹಾಕಿದ್ದು ಮಾತ್ರ 2018ರಲ್ಲಿ. 58 ವರ್ಷ.

ಆರು ತಿಂಗಳ ಅಂತರದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಇದೇ ಜಾಗಕ್ಕೆ ಬಂತು. ಉತ್ತರ ಪ್ರದೇಶದ ಮೂವರು ಹುಡುಗರು 1954ರಲ್ಲಿ ಇಂಟರ್‌ಮೀಡಿಯೆಟ್ ಪಾಸಾಗಿದ್ದರು. ಫಲಿತಾಂಶ ಬಂದು ತಿಂಗಳುಗಳಾದ ಮೇಲೆ, ಡಿಸೆಂಬರಿನಲ್ಲಿ ಪರೀಕ್ಷಾ ಮಂಡಳಿ ಅವ್ಯವಹಾರ ಅಂತ ಅವರ ಫಲಿತಾಂಶ ರದ್ದು ಮಾಡಿತು, ಮುಂದಿನ ವರ್ಷ ಪರೀಕ್ಷೆಗೂ ಕೂರಬಾರದು ಅಂದಿತು. ಕರೆದು ಕೇಳಿರಲಿಲ್ಲ. ನಿಯಮದಲ್ಲಿ ಕೇಳಬೇಕು ಅಂತ ಎಲ್ಲಿದೆ ಅನ್ನೋದು ಮಂಡಳಿಯ ವಾದ. 1962ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ನಿಯಮ ಸುಮ್ಮನಿದ್ದರೂ, ಒಬ್ಬ ಹುಡುಗನ ಇಡೀ ಭವಿಷ್ಯದ ಮೇಲೆ ಪರಿಣಾಮ ಆಗುವ ತೀರ್ಮಾನ ಇದು, ಆದ್ದರಿಂದ ಅವನ ಮಾತು ಕೇಳಲೇಬೇಕು. ಘನಶ್ಯಾಮ್ ದಾಸ್ ಗುಪ್ತ ಕೇಸ್ ಅಂತ ಇದರ ಹೆಸರು. ಸಹಜ ನ್ಯಾಯ ಅಂತ ಕಾನೂನಿನವರು ಕರೆಯೋದು ಇದನ್ನೇ.

ಇಷ್ಟು ಓದಿದ ಮೇಲೆ ನನಗೆ ಖುಷಿ ಆಗಬೇಕಿತ್ತು. ಆದರೆ ಒಂದು ಅನುಮಾನ ಶುರುವಾಯ್ತು. ಎಲ್ಲ ಕೇಸಿನಲ್ಲೂ ಹೀಗೆ ಕೋರ್ಟ್ ಥರ ವಿಚಾರಣೆ, ಪಾಟೀಸವಾಲು ಅಂತ ಕೂತರೆ ರ‍್ಯಾಗಿಂಗ್‌ಗೆ, ಕಿರುಕುಳಕ್ಕೆ ಒಳಗಾದವರ ಗತಿ ಏನು? ಉತ್ತರ ರಾಂಚಿಯಲ್ಲಿ ಸಿಕ್ಕಿತು.

1972ರ ಜೂನಿನ ಒಂದು ರಾತ್ರಿ ರಾಂಚಿಯ ರಾಜೇಂದ್ರ ಮೆಡಿಕಲ್ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲ್ ಆವರಣಕ್ಕೆ ಕೆಲವು ಗಂಡು ವಿದ್ಯಾರ್ಥಿಗಳು ನುಗ್ಗಿ ಅಸಹ್ಯವಾಗಿ ನಡೆದುಕೊಂಡರು. 36 ವಿದ್ಯಾರ್ಥಿನಿಯರು ಪ್ರಿನ್ಸಿಪಾಲರಿಗೆ ಗುಟ್ಟಾಗಿ ದೂರು ಕೊಟ್ಟರು. ಅಧ್ಯಾಪಕರ ಸಮಿತಿ ಆ ಹುಡುಗಿಯರ ಹೇಳಿಕೆಯನ್ನು ಹುಡುಗರು ಇಲ್ಲದಾಗ ಬರೆದುಕೊಂಡಿತು. ಬೇರೆ ವಿದ್ಯಾರ್ಥಿಗಳ ಫೋಟೊಗಳ ಜೊತೆ ಇವರ ಫೋಟೊ ಬೆರೆಸಿ ಗುರುತು ಹಿಡಿಸಿತು. ಆಮೇಲೆ ಹುಡುಗರನ್ನು ಕರೆದು, ಆರೋಪ ವಿವರಿಸಿ, ಉತ್ತರ ತೆಗೆದುಕೊಂಡು, ಎರಡು ವರ್ಷ ಹೊರಗೆ ಹಾಕಿತು. ಹುಡುಗಿಯರಿಗೆ ಎದುರಾಎದುರು ಪ್ರಶ್ನೆ ಕೇಳಲು ಬಿಡಲಿಲ್ಲ ಅಂತ ಹುಡುಗರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 1973ರಲ್ಲಿ ಕೋರ್ಟ್ ಕಾಲೇಜಿನ ಪರ ನಿಂತಿತು. ಸಹಜ ನ್ಯಾಯ ಅನ್ನೋದು ಎಲ್ಲರಿಗೂ ಒಂದೇ ಅಳತೆಗೆ ಹೊಲಿದ ಅಂಗಿಯಲ್ಲ, ಸಂದರ್ಭ ನೋಡಬೇಕು. ಆ ಹುಡುಗಿಯರನ್ನು ಎದುರಿಗೆ ನಿಲ್ಲಿಸಿದ್ದರೆ ನಾಳೆ ಅವರು ಬೀದಿಯಲ್ಲಿ ಓಡಾಡೋದು ಹೇಗೆ ಅನ್ನೋದು ಕೋರ್ಟಿನ ಕಾಳಜಿ.

ಅಂದ್ರೆ ಪಾಟೀಸವಾಲು ಬಿಡಬಹುದು, ವಕೀಲರನ್ನು ಬಿಡಬಹುದು. ಆದರೆ ಆ ಕೇಸಿನಲ್ಲೂ ಮೂರು ಕೆಲಸ ಆಗಿತ್ತು: ಆರೋಪ ಏನು ಅಂತ ಹೇಳಿದ್ದರು, ಗುರುತು ಹಿಡಿಯುವಾಗ ತಪ್ಪಾಗದಂತೆ ಎಚ್ಚರ ವಹಿಸಿದ್ದರು, ಹುಡುಗರ ಮಾತು ಕೇಳಿದ್ದರು. ಕೇಳೋದು ಅಂದ್ರೆ ತಪ್ಪು ಮಾಡಿದವನಿಗೆ ರಿಯಾಯಿತಿ ಕೊಡೋದಲ್ಲ. ತಪ್ಪು ಮಾಡಿದವನನ್ನೇ ಹಿಡಿದಿದ್ದೀವಿ ಅಂತ ಖಾತ್ರಿ ಮಾಡಿಕೊಳ್ಳೋದು. ನಮ್ಮ ಕೆಲಸದಲ್ಲೂ ಸರ್ವರ್ ಬಿದ್ದ ರಾತ್ರಿ ಮೊದಲು ಲಾಗ್ ಓದುತ್ತೀವಿ, ಕೊನೆಗೆ ಕೋಡ್ ಹಾಕಿದವನು ಯಾರು ಅಂತ ನೋಡುತ್ತೀವಿ. ಸಿಕ್ಕವನ ತಲೆಗೆ ಕಟ್ಟಿ ಮನೆಗೆ ಹೋದರೆ ನಿಜವಾದ ಬಗ್ ಅಲ್ಲೇ ಇರುತ್ತೆ. ನಮ್ಮ ಹಾಸ್ಟೆಲಿನಲ್ಲಿ ಟಿವಿ ಒಡೆದವರಲ್ಲಿ ಒಬ್ಬ ಹಾಯಾಗಿ ಪರೀಕ್ಷೆ ಬರೆದ.

ಈಗ ಕಾಗದದ ಮೇಲೆ ಪರಿಸ್ಥಿತಿ ಆಗಿಗಿಂತ ವಾಸಿ. ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲಿ ನಿಯಮ ತಂದಿತು. ವಿದ್ಯಾರ್ಥಿಗಳ ಕುಂದುಕೊರತೆಗೆ ಪ್ರತಿ ಸಂಸ್ಥೆಯಲ್ಲೂ ಸಮಿತಿ, ಅದರ ಮೇಲೆ ಅಪೀಲು ಕೇಳಲು ಒಬ್ಬ ಒಂಬುಡ್ಸ್‌ಪರ್ಸನ್ ಇರಬೇಕು ಅನ್ನೋ ನಿಯಮ 2023ರಲ್ಲಿ ಬಂತು. ನಿಮ್ಮ ತಮ್ಮನೋ ತಂಗಿಯೋ ಕಾಲೇಜಿನಲ್ಲಿದ್ದರೆ ಇಷ್ಟು ಹೇಳಿಕೊಡಿ: ಆರೋಪವನ್ನು ಬರಹದಲ್ಲಿ ಕೇಳು. ಮಾಡದ ತಪ್ಪಿಗೆ, ಎಷ್ಟೇ ಒತ್ತಾಯ ಮಾಡಿದರೂ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡ. ಬರೆಯಲೇಬೇಕು ಅಂದ್ರೆ ನಡೆದದ್ದು ಏನು ಅಂತ ಮಾತ್ರ ಬರಿ, ಒಂದು ಪ್ರತಿ ಇಟ್ಕೋ. ಆದೇಶ ಬಂದರೆ ಅಪೀಲು ಯಾರಿಗೆ, ಎಷ್ಟು ದಿನದೊಳಗೆ ಅಂತ ಕೇಳು. ನಮ್ಮಂಥ ಮನೆಗಳಿಂದ ಬಂದವರಿಗೆ ಇದನ್ನು ಯಾರೂ ಹೇಳಿಕೊಡಲ್ಲ. ನಮ್ಮಪ್ಪಂದಿರಿಗೆ ಗೊತ್ತಿರೋದು ಕೈ ಮುಗಿಯೋದು ಒಂದೇ.

ಇನ್ನು ನನ್ನ ವಿಷಯ. ಇದೆಲ್ಲ ಓದಿದ ವಾರ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಅವನೀಗ ಊರಲ್ಲೇ ಇದ್ದಾನೆ, ಕೊಬ್ಬರಿ ವ್ಯಾಪಾರ. ಡಿಗ್ರಿ ಮುಗಿಸಿದ, ಆದರೆ ಆ ಒಂದು ವರ್ಷದಿಂದ ಕ್ಯಾಂಪಸ್ ಸೆಲೆಕ್ಷನ್‌ಗೆ ಕೂರಲು ಆಗಲಿಲ್ಲ. ಉತ್ಸಾಹದಲ್ಲಿ ಅವನಿಗೆ ಆದಮನ ಕತೆ ಹೇಳಿದೆ, ದೇವರೂ ಕೇಳಿ ಶಿಕ್ಷೆ ಕೊಟ್ಟನಂತೆ ಕಣೋ ಅಂತ. ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಅವ್ರು ಕೇಳ್ಲಿಲ್ಲ, ಸರಿ. ನೀನ್ಯಾಕೋ ಹೇಳ್ಲಿಲ್ಲ?" ಅಂದ. ಕೋಪ ಇರಲಿಲ್ಲ ದನಿಯಲ್ಲಿ.

ನಾನು ಹೇಳಲಿಲ್ಲ ಯಾಕಂದ್ರೆ ನನಗೆ ಭಯ ಇತ್ತು. ಏಳನೇ ಹೆಸರು ನನ್ನದಾದರೆ? ಅಪ್ಪ ತೋಟದ ಮೇಲೆ ಸಾಲ ಮಾಡಿದ್ದರು. ಇವು ಕಾರಣಗಳು, ಉತ್ತರ ಅಲ್ಲ. ಫೋನಿನಲ್ಲಿ "ತಪ್ಪಾಯ್ತು ಕಣೋ" ಅಂದೆ. ನಾನು ಬರೆಯಬೇಕಿದ್ದ ಅಪಾಲಜಿ ಲೆಟರ್ ಅದು. ಹದಿನೈದು ವರ್ಷಕ್ಕಿಂತ ತಡವಾಗಿ ಕೊಟ್ಟೆ.

ಮಾರನೇ ದಿನ ಆಫೀಸಿನಲ್ಲಿ ಆ ಫ್ರೆಶರ್ ನಮ್ಮ ಮೂವರ ಎದುರಿಗೆ ಬಂದು ಕೂತ. ಕೈಯಲ್ಲಿ ಒಂದು ಹಾಳೆ, ಆಗಲೇ ಏನೋ ಬರೆದುಕೊಂಡು ಬಂದಿದ್ದ. ಅದನ್ನು ಪಕ್ಕಕ್ಕಿಡು ಅಂದೆ. "ಆ ದಿನ ಏನಾಯ್ತು, ಮೊದ್ಲಿಂದ ಹೇಳು. ನಿನ್ ಜೊತೆ ಯಾರ್ಯಾರಿದ್ರು ಅಂತಾನೂ ಹೇಳು. ಅವ್ರನ್ನೂ ಕರೆಸ್ತೀವಿ."